ಮೂಗು ಒತ್ತಿದ ‘ಸರಿ’

ನಮ್ಮ ಕಟ್ಟಡದ ಕೆಳಮನೆಯ ಮೇಸ್ತ್ರಿ ಜೀವಮಾನದಲ್ಲಿ ಒಂದು ಇಟ್ಟಿಗೆಯನ್ನೂ ಇಟ್ಟವರಲ್ಲ. ಆದರೂ ಊರಿನ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ, ಕೆಲವರಂತೂ ಒಂದಲ್ಲ ಒಂದು ಕಾಲಿನಲ್ಲಿ, ಅವರ ಗಾರೆ ಹೊತ್ತು ತಿರುಗಿದವರೇ. ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುವುದು ಅವರ ಕೆಲಸ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆಯನ್ನು ಸ್ವಸ್ಥಾನದಲ್ಲಿ ಕೂರಿಸಿ ಹೋಗುತ್ತಾರೆ. ಕೂತ ಮೂಳೆ ಎದ್ದು ಓಡಾಡದಂತೆ ಕಟ್ಟಿಹಾಕುವವರು ಇವರು. ಯಾವನೋ ತುಂಟ ಡಾಕ್ಟರು ಒಮ್ಮೆ ‘ಮೇಸ್ತ್ರಿ’ ಎಂದು ಕರೆದದ್ದು ಪ್ಲಾಸ್ಟರಿನ ಹಾಗೆಯೇ ಅಂಟಿ, ಒಣಗಿ, ಗಟ್ಟಿಯಾಗಿ ನಿಂತಿತು.

ಅವರು ಕೆಳಗಿನ ಮನೆ, ನಾವು ಮೇಲಿನ ಮನೆ. ಆದ್ದರಿಂದ ಅವರು ನನ್ನನ್ನು ಕರೆಯುವುದು ‘ಮೇಲ್ಮನೆಯವರೇ’ ಎಂದು. ಕೆಳಮನೆಯಲ್ಲಿ ಜೋರು ಚರ್ಚೆಯಾಗಿ ಅಂಗೀಕಾರವಾದ ವಿಷಯಗಳೆಲ್ಲ ಮೆಟ್ಟಿಲು ಹತ್ತಿ ಮೇಲ್ಮನೆಗೆ ಬಂದೇ ಬರುತ್ತವೆ. ಅವನ್ನು ತಡೆಹಿಡಿಯುವ ಅಧಿಕಾರ ನಮಗಿಲ್ಲ. ಕೇಳಿಸಿಕೊಳ್ಳುವ ಹಕ್ಕೊಂದಿದೆ, ಅದನ್ನು ನಾವು ಪೂರ್ತಿಯಾಗಿ ಚಲಾಯಿಸುತ್ತೇವೆ.

ಅವರ ಪ್ಲಾಸ್ಟರ್ ಕೋಣೆ ಆಸ್ಪತ್ರೆಯ ಮಗ್ಗುಲಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ ಸಿಗುತ್ತದೆ. ಒಳಗೆ ಎತ್ತರದ ಮಂಚ, ತಿರುಗುವ ಸ್ಟೂಲು, ಉಗುರು ಬೆಚ್ಚಗಿನ ನೀರಿನ ಬಕೆಟ್ಟು, ಗೋಡೆಗೆ ಒತ್ತಿಕೊಂಡು ಕಾಯುವವರ ಬೆಂಚು. ನೆಲದ ಮೇಲೆ ಯಾರೋ ಮೊಸರು ಚೆಲ್ಲಿದ ಹಾಗೆ ಬಿಳಿ ಹನಿಗಳು. ಕಿಟಕಿ ತೆರೆದರೆ ರಸ್ತೆ. ರಸ್ತೆಯಾಚೆ ಬಸ್ ನಿಲ್ದಾಣ.

ಬಂದವರನ್ನೆಲ್ಲ ಮೇಸ್ತ್ರಿ ಮೊದಲು ಕೇಳುವುದು ಒಂದೇ ಪ್ರಶ್ನೆ.

“ಹೇಗಾಯ್ತು?”

“ಮೆಟ್ಟಿಲು ಜಾರಿಬಿಡ್ತು.”

“ಮೆಟ್ಟಿಲು ಎಲ್ಲೂ ಜಾರಲ್ಲ ಸ್ವಾಮಿ, ಪಾಪ, ಅದು ಅಲ್ಲೇ ಇರುತ್ತೆ. ನೀವು ಎಲ್ಲಿ ನೋಡ್ತಾ ಇದ್ರಿ ಅದನ್ನ ಹೇಳಿ.”

ಹೀಗೆ ನಗಿಸುತ್ತಲೇ ಅವರು ಹತ್ತಿ ಸುತ್ತಿ ಮುಗಿಸಿರುತ್ತಾರೆ. ಆಮೇಲೆ ಪ್ಲಾಸ್ಟರ್ ಪಟ್ಟಿಯನ್ನು ಬಕೆಟ್ಟಿನಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ಮೆಲ್ಲಗೆ ಹಿಂಡಿ, ಸುತ್ತು ಸುತ್ತಾಗಿ ಸುತ್ತಿ, ಅಂಗೈಯಿಂದ ನೇವರಿಸುತ್ತಾರೆ. ಬೆರಳು ಒತ್ತಬಾರದು. ಒತ್ತಿದರೆ ಅಲ್ಲಿ ಗುಳಿ ಬಿದ್ದು ಒಳಗೆ ಚರ್ಮ ಹುಣ್ಣಾಗುತ್ತದೆ. ಕೊನೆಯಲ್ಲಿ, ಪ್ಲಾಸ್ಟರ್ ಬಿಸಿಯಾಗಿ ಗಟ್ಟಿಯಾಗುವ ತನಕ ಮುರಿದ ಭಾಗವನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡೇ ಇರಬೇಕು. ಆ ಹೊತ್ತಿನಲ್ಲಿ ಮಂತ್ರಿ ಬಂದರೂ ಮೇಸ್ತ್ರಿ ಏಳುವುದಿಲ್ಲ. “ಒಂದು ಸಲ ಕೈ ಹಿಡಿದ ಮೇಲೆ ನಡುವೆ ಕೈ ಕೊಡೋ ಪೈಕಿ ಅಲ್ಲ ನಾನು” ಎನ್ನುತ್ತಾರೆ.

ಅವರು ನಿಜವಾಗಿ ಕೈ ಹಿಡಿದವರು ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿದ್ದಾರೆ. ಧ್ವನಿವರ್ಧಕದಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬಂತು, ಯಾವುದು ತಡ, ಯಾವುದು ಹೊರಡುತ್ತಿದೆ ಎಂದು ಹೇಳುವ ದನಿ ಅವರದು. ಊರೆಲ್ಲ ಅವರನ್ನು ‘ಮೈಕಮ್ಮ’ ಎನ್ನುತ್ತದೆ. ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಪ್ಲಾಸ್ಟರ್ ಕೋಣೆಯ ಕಿಟಕಿಯಿಂದ ದಿನವಿಡೀ ಆ ದನಿ ಒಳಗೆ ಬರುತ್ತಿರುತ್ತದೆ. “ಬೇರೆ ಗಂಡಸರಿಗೆ ಮನೆಗೆ ಹೋದ ಮೇಲೆ ಶುರು. ನನಗೆ ಡ್ಯೂಟಿಯಲ್ಲೂ ಬಿಡುವಿಲ್ಲ” ಎಂದು ಮೇಸ್ತ್ರಿ ಹೇಳುವರಾದರೂ, ಚಳಿಗೂ ಕಿಟಕಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ.

ತೊಂದರೆ ಇದ್ದದ್ದು ಒಂದೇ. ಹೆಂಡತಿಯ ದನಿ ಗಂಡನಿಗೆ ಕೇಳುತ್ತಿತ್ತು, ಗಂಡನ ಉತ್ತರ ಹೆಂಡತಿಗೆ ಹೋಗುತ್ತಿರಲಿಲ್ಲ. ಮೈಕಿನ ಪಕ್ಕ ಫೋನು ಹೊಡೆದುಕೊಂಡರೆ ಇಡೀ ನಿಲ್ದಾಣಕ್ಕೆ ಕೇಳುತ್ತದೆಂದು ಮೈಕಮ್ಮ ಕರೆ ತೆಗೆದುಕೊಳ್ಳುವುದಿಲ್ಲ, ಮೆಸೇಜು ಮಾತ್ರ. ಮೇಸ್ತ್ರಿಯ ಫೋನೋ, ಕೋಣೆಯ ಕಪಾಟಿನಲ್ಲಿ ಬೆಳಗಿನಿಂದ ಸಂಜೆವರೆಗೆ ಗುಂಯ್ ಗುಂಯ್ ಅಂದು ಅಂದು ಸುಸ್ತಾಗಿ ಮಲಗಿರುತ್ತಿತ್ತು.

“ಊರಿನೋರ ಕೈಯೆಲ್ಲ ಹಿಡೀತೀರಿ, ನಿಮ್ಮ ಕೈಲಿ ಒಂದು ಫೋನು ಹಿಡಿಯೋಕಾಗಲ್ವಾ?” ಎಂಬ ಪ್ರಶ್ನೆ ಕೆಳಮನೆಯಲ್ಲಿ ಏಳದ ದಿನವಿರಲಿಲ್ಲ.

ಈ ಗೊತ್ತುವಳಿಗೆ ತೆರೆ ಎಳೆದವಳು ಮಗಳು. ಅವಳಿಗೆ ಮೊಬೈಲ್ ಅಂಗಡಿಯಲ್ಲಿ ಕೆಲಸ. ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕೆ ಇಟ್ಟು ಇಟ್ಟು ಹಳೆಯದಾದ ಒಂದು ಸ್ಮಾರ್ಟ್‌ವಾಚನ್ನು ಅವಳು ಅಪ್ಪನಿಗೆ ತಂದು ಕಟ್ಟಿದಳು.

“ಅಪ್ಪಾ, ಇದರಲ್ಲಿ ಮಾತಾಡೋಕಾಗಲ್ಲ. ಮೆಸೇಜು ಬಂದ್ರೆ ಇಲ್ಲೇ ಕಾಣುತ್ತೆ. ಕೆಳಗಡೆ ಮೂರು ರೆಡಿ ಉತ್ತರ ಇಟ್ಟಿದ್ದೀನಿ ನೋಡು. ಮೊದಲನೇದು ‘ಸರಿ’, ಆಮೇಲೆ ‘ಆಗಲ್ಲ’, ಅದರ ಕೆಳಗೆ ‘ಆಮೇಲೆ ಹೇಳ್ತೀನಿ’. ಒತ್ತಿದ್ರೆ ಹೋಯ್ತು.”

“ಇಷ್ಟೇ ಸಾಕಾ?”

“ಅಮ್ಮನ ಹತ್ರ ನೀನು ಯಾವತ್ತು ಇದಕ್ಕಿಂತ ಜಾಸ್ತಿ ಮಾತಾಡಿದ್ದೀಯ? ಬೇಕಾದ್ರೆ ಈ ಮೈಕಿನ ಗುರುತು ಒತ್ತಿ ಮಾತಾಡು, ಅದೇ ಬರ್ಕೊಳ್ಳುತ್ತೆ. ಮಾತು ನಿಲ್ಲಿಸಿದ್ರೆ ಅದೇ ಕಳಿಸುತ್ತೆ.”

“ಇನ್ನೊಂದು ಮೈಕಾ? ಒಂದನ್ನೇ ತಡ್ಕೊಳ್ಳೋಕಾಗ್ತಿಲ್ಲ!”

ಮಣಿಕಟ್ಟಿನ ಮೇಲೆ ಏನೂ ಇರಕೂಡದೆಂಬುದು ಹೆಡ್ ನರ್ಸಮ್ಮನ ಕಟ್ಟಪ್ಪಣೆ. ಮೇಸ್ತ್ರಿ ಬ್ಯಾಂಡೇಜಿನ ತುಂಡೊಂದನ್ನು ಪಟ್ಟಿಗೆ ಸೇರಿಸಿ, ವಾಚನ್ನು ಮೊಣಕೈ ಹತ್ತಿರ ಕಟ್ಟಿಕೊಂಡರು. ಕಟ್ಟುವುದರಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ದಿನವೇ ಸಮಸ್ಯೆ ಎದುರಾಯಿತು. ಎರಡೂ ಕೈ ಯಾರದೋ ಮೊಣಕಾಲಿನ ಸುತ್ತ, ಬೆರಳ ತುಂಬ ಹಸಿ ಪ್ಲಾಸ್ಟರ್. ವಾಚು ನಡುಗಿತು. ಇನ್ನೊಂದು ಮೊಣಕೈಯಿಂದ ಒತ್ತಲು ನೋಡಿದರು, ಗದ್ದದಿಂದ ನೋಡಿದರು, ಆಗಲಿಲ್ಲ. ಕೊನೆಗೆ ತಲೆ ಬಗ್ಗಿಸಿ ಮೂಗಿನ ತುದಿ ಒತ್ತಿದರು. ‘ಸರಿ’ ಎಂದು ಹೋಯಿತು.

ಮೇಸ್ತ್ರಿಯ ಮೂಗಿನ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲಿಗೆ ಹೋದರೂ ಅದು ಮೊದಲು ತಲುಪುತ್ತದೆ, ಅವರು ಹಿಂದಿನಿಂದ ಬರುತ್ತಾರೆ. ಇಂಥ ಮೂಗಿಗೆ ಸಿಗುವುದು ಪಟ್ಟಿಯ ಮೊದಲ ಉತ್ತರ ಮಾತ್ರ. ಎರಡನೆಯದನ್ನು ಮುಟ್ಟಹೋದರೂ ಮೊದಲನೆಯದು ಅಡ್ಡ ಬರುತ್ತದೆ. ಇನ್ನು ಓದುವ ಕನ್ನಡಕ ಅಂಗಿಯ ಜೇಬಿನಲ್ಲಿ, ತೆಗೆಯಲು ಕೈಯಿಲ್ಲ. ಹೀಗಾಗಿ ಹೆಂಡತಿಯ ಪುಟ್ಟ ಚಿತ್ರ ಕಂಡರೆ ಸಾಕು, ಕೆಳಗೆ ಏನು ಬರೆದಿದೆಯೆಂದು ಕಾಣುವ ಮೊದಲೇ ಮೂಗು ಬಗ್ಗುತ್ತಿತ್ತು. ಮುರಿದದ್ದನ್ನು ಸರಿ ಮಾಡುವುದೇ ಕಸುಬಾದವರು ‘ಸರಿ’ ಎನ್ನದೆ ಇನ್ನೇನು ಅಂದಾರು?

ಬೇರೆಯವರ ವಿಷಯದಲ್ಲಿ ಮೂಗು ತೂರಿಸಿ ಕೆಟ್ಟ ಹೆಸರು ತೆಗೆದುಕೊಂಡವರು ಬೇಕಾದಷ್ಟು ಜನ. ಸ್ವಂತ ಸಂಸಾರದಲ್ಲಿ ಮೂಗು ತೂರಿಸಿ ಒಳ್ಳೆಯ ಹೆಸರು ತೆಗೆದುಕೊಂಡವರು ನನಗೆ ಗೊತ್ತಿರುವಂತೆ ಇವರೊಬ್ಬರೇ.

ಕೆಳಮನೆಯ ಸುವರ್ಣಯುಗ ಹೀಗೆ ಶುರುವಾಯಿತು. ಮೊದಲು ಬಂದದ್ದು ಕಡು ನೇರಳೆ ಬಣ್ಣದ ಪರದೆಗಳು. ಸಂಜೆ ಮನೆಗೆ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತು, “ಇದೇನೇ ಇದು?” ಎಂದರು.

“ನೀವೇ ಸರಿ ಅಂದ್ರಲ್ಲ?”

“ಓಹ್. ಅಂದಿದ್ದೆ. ಅಂದಿದ್ದೆ. ಬಟ್ಟೆ ಚೆನ್ನಾಗಿದೆ.”

ಆಮೇಲೆ ಮೈಕಮ್ಮನ ತಮ್ಮನ ಮನೆಯಲ್ಲಿ ಜಾಗ ಸಾಲದ ಒಂದು ಬೀರು ಬಂತು. ಅದರ ಒಂದು ಬಾಗಿಲು ತೆರೆದರೆ ಊಟದ ಮೇಜಿನ ಒಂದು ಕುರ್ಚಿ ಎದ್ದು ನಿಲ್ಲಬೇಕು. ಆಮೇಲೆ ಬೆಳಗಿನ ನಡಿಗೆ ಬಂತು. ಆಮೇಲೆ ಬೆಕ್ಕು. ಬೆಕ್ಕು ಬಂದ ದಿನ ಮೇಸ್ತ್ರಿಯ ಓದುವ ಕುರ್ಚಿಯಲ್ಲಿ ಅದು, ಅದರ ಎದುರು ನಿಂತುಕೊಂಡು ಇವರು, ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರೆಂದು ಕೇಳಿದ್ದೇನೆ. ಬೆಕ್ಕು ಏಳಲಿಲ್ಲ.

ಮೈಕಮ್ಮ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, ಮೈಕಿಲ್ಲದೆ ಆದರೆ ಅದೇ ದನಿಯಲ್ಲಿ, ಪ್ರಕಟಣೆ ಕೊಡುತ್ತಿದ್ದರು. “ನಮ್ಮನೆಯವರು ಈಗ ಏನು ಕೇಳಿದ್ರೂ ಎರಡು ಮಾತಿಲ್ಲ. ಅರ್ಧ ನಿಮಿಷದಲ್ಲಿ ಸರಿ ಅಂತ ಬರುತ್ತೆ. ಈ ವಯಸ್ಸಲ್ಲಿ ಗಂಡಸು ಇಷ್ಟು ಬದಲಾಗ್ತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ.”

ಇದನ್ನು ಕೇಳಿದ ಮೇಲೆ ನಿಜ ಹೇಳುವ ಧೈರ್ಯ ಯಾರಿಗೆ ಬಂದೀತು? “ಮೇಲ್ಮನೆಯವರೇ, ಮೂಗಿನ ವಿಷಯ ನಮ್ಮಿಬ್ಬರಲ್ಲೇ ಇರಲಿ. ಮೊದಲ ಸಲ ಮನೇಲಿ ನನಗೆ ಒಳ್ಳೆ ಹೆಸರು ಬಂದಿದೆ” ಎಂದು ಮೇಸ್ತ್ರಿ ನನ್ನಿಂದ ಮಾತು ತೆಗೆದುಕೊಂಡಿದ್ದರು. ಗುಟ್ಟು ಕಾಪಾಡುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಆದರೂ ಕಾಪಾಡಿದ್ದೆ.

ಹೀಗಿರುವಾಗ ಬಸ್ ನಿಲ್ದಾಣದ ಕಂಟ್ರೋಲರು ನಿವೃತ್ತರಾಗುವ ಸುದ್ದಿ ಬಂತು. ನಿಲ್ದಾಣದ ಮೇಲಂತಸ್ತಿನಲ್ಲಿ ಗಾಜಿನ ಕೋಣೆಯಿದೆಯಲ್ಲ, ಅಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಕೆಟ್ಟು ನಿಂತದ್ದರ ಬದಲು ಯಾವುದು ಹೋಗಬೇಕು, ಯಾವ ಡ್ರೈವರು ಯಾವ ಬಸ್ಸು ಹತ್ತಬೇಕು ಎಂದು ತೀರ್ಮಾನಿಸುವ ಕೆಲಸ. ಆ ಕುರ್ಚಿಗೆ ಮ್ಯಾನೇಜರು ಮೈಕಮ್ಮನನ್ನು ಕೇಳಿದ್ದರು. ಇಷ್ಟು ವರ್ಷ ಕೆಳಗಿನ ಕಿರುಕೋಣೆಯಲ್ಲಿ ಕೂತು ಬೇರೆಯವರ ತೀರ್ಮಾನ ಓದಿ ಹೇಳಿದವರಿಗೆ ಸ್ವಂತ ತೀರ್ಮಾನ ಮಾಡುವ ಜಾಗ. ಅವರ ಮನಸ್ಸು ಆ ಗಾಜಿನ ಕೋಣೆಯ ಮೇಲೆ ಎಷ್ಟು ಕಾಲದಿಂದ ಇತ್ತೆಂಬುದು ಮೆಟ್ಟಿಲು ಬಲ್ಲ ನಮಗೆಲ್ಲ ಗೊತ್ತಿತ್ತು.

ಮನೆಯಲ್ಲಿ ಅವರು ಈ ಮಾತು ಎತ್ತಿದಾಗ ಮೇಸ್ತ್ರಿ ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿಕೊಂಡು ಮಲಗಿದ್ದರಂತೆ.

“ರೀ, ಮ್ಯಾನೇಜರು ನನ್ನನ್ನ ಕಂಟ್ರೋಲರ್ ಆಗ್ತೀರಾ ಅಂತ ಕೇಳ್ತಿದ್ದಾರೆ. ಏನಂತೀರಿ?”

“ಇದಕ್ಕೆ ವಾಷರ್ ಹೋಗಿದೆ ಕಣೇ.”

ಮಾತು ಅಲ್ಲಿಗೇ ಸೋರಿಹೋಯಿತು.

ಆ ವಾರದಲ್ಲೇ ನಾನು ನನ್ನ ಬಲಗೈ ಮಣಿಕಟ್ಟು ಮುರಿದುಕೊಂಡೆ. ಹೇಗೆಂದು ಕೇಳಬೇಡಿ, ಮೆಟ್ಟಿಲು ಜಾರಿತು. ಎಕ್ಸ್‌ರೇ ಮುಗಿಸಿ, ಡಾಕ್ಟರು ಎಳೆದು ಕೂರಿಸುವಾಗ ಒಂದು ಸಲ ಕೂಗಿ, ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟರ್ ಕೋಣೆಯ ಮಂಚ ಏರಿದೆ. ಬೆಂಚಿನ ಮೇಲೆ ಕಾಲು ಚಾಚಿಕೊಂಡು ಒಬ್ಬರು ಅಜ್ಜಿ, ಅವರ ಪಕ್ಕ ತೋಳಿಗೆ ಜೋಲಿ ಕಟ್ಟಿಕೊಂಡ ಒಬ್ಬ ಬಸ್ ಡ್ರೈವರು ಕೂತಿದ್ದರು. ಕಿಟಕಿಯಿಂದ ಮೈಕಮ್ಮನ ದನಿ ಎಂದಿನಂತೆ ಬಸ್ಸುಗಳನ್ನು ಸಾಲಾಗಿ ಕಳಿಸಿಕೊಡುತ್ತಿತ್ತು.

ಮೇಸ್ತ್ರಿ ಕೊನೆಯ ಸುತ್ತು ಸುತ್ತಿ ನನ್ನ ಮಣಿಕಟ್ಟನ್ನು ಬೇಕಾದ ಕೋನಕ್ಕೆ ಬಾಗಿಸಿ ಹಿಡಿದುಕೊಂಡರು. ವಾಚು ನಡುಗಿತು. ಅವರು ಯಾರೊಂದಿಗೋ ಮಾತಾಡುತ್ತಲೇ ತಲೆ ಬಗ್ಗಿಸಿ ಮೂಗು ಒತ್ತಿ, ತಲೆ ಎತ್ತಿದರು. ಗೊತ್ತಿಲ್ಲದವರು ನಮಸ್ಕಾರ ಮಾಡಿದರೆಂದು ತಿಳಿಯಬೇಕು, ಅಷ್ಟು ಸರಾಗ.

ಅವರ ಮೊಣಕೈ ನನ್ನ ಮುಖದೆದುರಿಗೇ ಇತ್ತು. ಬೇರೆಯವರ ಪತ್ರ ಓದುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರ್ ನಮಗೆ ಕಲಿಸಿದ್ದರು. ವಾಚಿನ ಬಗ್ಗೆ ಏನೂ ಹೇಳಿರಲಿಲ್ಲ. ಓದಿದೆ.

ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. “ಮೇಸ್ತ್ರಿ, ಈಗ ನೀವು ಯಾವುದಕ್ಕೆ ಸರಿ ಅಂದ್ರಿ ಗೊತ್ತಾ?”

“ಇನ್ನೇನು, ಬೆಕ್ಕಿಗೆ ಮೆತ್ತೆಯೋ ಏನೋ.”

“ಓದ್ತೀನಿ ಕೇಳಿ. ‘ಮ್ಯಾನೇಜರು ಈಗ ಕರೀತಾರೆ. ಕಂಟ್ರೋಲರ್ ಕೆಲಸ ನನಗೆ ಬೇಡ ಅಂತ ಹೇಳಿಬಿಡ್ತೀನಿ. ನೀವೇನಂತೀರಿ?’ ಅದರ ಕೆಳಗೆ ನಿಮ್ಮದು, ‘ಸರಿ’.”

ಮೇಸ್ತ್ರಿಯ ಮುಖ ಅವರ ಕೈಗಳ ಬಣ್ಣಕ್ಕೆ ತಿರುಗಿತು.

“ಅಯ್ಯೋ! ಬೇಡ ಅಂತಾಳಾ? ಅದಕ್ಕೇ ಅಲ್ವೇನ್ರೀ ಅವಳು ಇಷ್ಟು ವರ್ಷ ಕಾದಿದ್ದು!”

“ಕೈ ಬಿಟ್ಟು ಓಡಿ ಮೇಸ್ತ್ರಿ, ರಸ್ತೆ ದಾಟಿದ್ರೆ ನಿಲ್ದಾಣ” ಎಂದೆ ನಾನು, ದೊಡ್ಡ ಮನಸ್ಸು ಮಾಡಿ.

“ಈಗ ಬಿಟ್ಟರೆ ನಿಮ್ಮ ಕೈ ಸೊಟ್ಟ ಕೂರುತ್ತೆ. ಆಮೇಲೆ ನೀವು ಬರೆದಿದ್ದೆಲ್ಲ ಸೊಟ್ಟ ಬರುತ್ತೆ.”

“ಈಗ ನೇರ ಬರ್ತಿದೆಯಾ?” ಎಂದು ಕೇಳಿದವರು ಬೆಂಚಿನ ಅಜ್ಜಿ. ನನ್ನ ಪರಿಚಯ ಅವರಿಗಿರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು.

ಮೇಸ್ತ್ರಿ ಕೈ ಬಿಡಲಿಲ್ಲ. ಅಂಗೈಗಳು ಕದಲಲಿಲ್ಲ, ಅಲುಗಿದ್ದು ಅವರ ಕಾಲುಗಳು ಮಾತ್ರ. ಸ್ಟೂಲಿನ ಕೆಳಗೆ ಅವು ಆಗಲೇ ಅರ್ಧ ರಸ್ತೆ ದಾಟಿದ್ದವು.

“ನಿಮ್ಮ ಎಡಗೈ ಖಾಲಿ ಇದೆಯಲ್ಲ, ಮೇಲ್ಮನೆಯವರೇ? ಆ ಮೈಕಿನ ಗುರುತು ಒತ್ತಿ, ನಾನು ಹೇಳ್ತೀನಿ.”

ಒತ್ತಿದೆ. ಮೇಸ್ತ್ರಿ ವಾಚಿನ ಕಡೆ ಬಗ್ಗಿ, ಕಿವುಡರಿಗೆ ಹೇಳುವಂತೆ ಕೂಗಿದರು. ಆದರೆ ಆ ಯಂತ್ರಕ್ಕೆ ಯಾರು ಗಂಡ, ಯಾರು ರೋಗಿ ಎಂಬ ಭೇದವಿರಲಿಲ್ಲ. ಕೋಣೆಯಲ್ಲಿ ಆಡಿದ್ದನ್ನೆಲ್ಲ ನಿಷ್ಠೆಯಿಂದ ಬರೆದುಕೊಂಡು ಕಳಿಸಿಬಿಟ್ಟಿತು. ಹೋದದ್ದು ಹೀಗಿತ್ತು: ‘ಕೇಳೇ ಅದು ನಾನಲ್ಲ ಇನ್ನೂ ಹತ್ತಿರ ಹೇಳಿ ಮೇಸ್ತ್ರಿ ಅಜ್ಜಿ ಕಾಲು ಕೆಳಗೆ ಬಿಡಬೇಡಿ ನನಗೆ ನೀರು ಬೇಕು ಇವರೇ ಸ್ವಲ್ಪ ಸುಮ್ನಿರ್ರೀ’.

ಕಿಟಕಿಯಾಚೆ ಮೈಕಮ್ಮ ಒಂದು ಬಸ್ಸನ್ನು ಕಳಿಸಿ, ಎರಡನೆಯದರ ನಡುವೆ ತುಸು ತಡೆದರು. ವಾಚು ನಡುಗಿತು. ‘ಯಾವ ಅಜ್ಜಿ?’

“ನಾನು ಅಂತ ಹೇಳು!” ಎಂದರು ಅಜ್ಜಿ.

“ನೀವು ಸುಮ್ನಿರಿ ಅಜ್ಜಿ, ಸಂಸಾರದ ವಿಷಯ” ಎಂದ ಡ್ರೈವರು, ತಾನೇ ಎದ್ದು ಹತ್ತಿರ ಬಂದು ನಿಂತ. “ಮೇಸ್ತ್ರಿ, ಮೈಕಮ್ಮ ಅಂದ್ರೆ ನಿಮ್ಮ ಮನೆಯವರಾ? ಮೊದಲೇ ಹೇಳಬಾರದಾ! ಅವರು ಕಂಟ್ರೋಲರ್ ಆಗಲ್ಲ ಅಂದ್ರೆ ಹೇಗೆ? ಈಗಲೂ ನಡೆಸ್ತಿರೋದು ಅವರೇ ಅಲ್ವಾ?”

“ಹೇಗೆ?”

“ಮೊನ್ನೆ ಸೇತುವೆ ಹತ್ರ ಲಾರಿ ಅಡ್ಡ ಬಿದ್ದು ಬಸ್ಸೆಲ್ಲ ಒಂದೇ ಸಲಕ್ಕೆ ಬಂದ್ವು. ಮೇಲಿರೋ ಸಾಹೇಬ್ರು ತಲೆ ಹಿಡ್ಕೊಂಡು ಕೂತ್ರು. ಈಯಮ್ಮ ಕೆಳಗಿಂದ ಮೈಕಲ್ಲಿ ಒಬ್ಬೊಬ್ಬರನ್ನೇ ಕರೆದು, ನೀನು ಹಿಂದೆ ತಗೋ, ನೀನು ಬಲಕ್ಕೆ ಬಾ ಅಂತ ಎಲ್ಲಾನೂ ಬಿಡಿಸಿ ನಿಲ್ಲಿಸಿದ್ರು. ಒಬ್ಬ ಡ್ರೈವರೂ ತಿರುಗಿ ಮಾತಾಡಲಿಲ್ಲ. ನಾನಂತೂ ಮಾತಾಡ್ಲಿಲ್ಲ. ನಾನು ಮಾತಾಡದೆ ಇರೋನು ಅಲ್ಲ, ಅದು ಬೇರೆ ವಿಷಯ.”

ಮೇಸ್ತ್ರಿ ಕೇಳುತ್ತ ಕೂತರು. ದಿನವೂ ಕಿಟಕಿಯಿಂದ ಕೇಳಿದ ದನಿಯೇ, ಆದರೆ ಅದು ಇಷ್ಟು ಕೆಲಸ ಮಾಡುತ್ತಿತ್ತೆಂಬುದು ಅವರ ಕಿವಿಗೆ ಈಗಷ್ಟೇ ಮುಟ್ಟಿದಂತೆ ಕಂಡಿತು.

“ಹಾಗಾದ್ರೆ ವಾಚು ಕೆಟ್ಟಿತ್ತು, ತಾನಾಗೇ ಸರಿ ಅಂತ ಹೋಯ್ತು ಅಂತ ಹೇಳು. ಮುಗೀತು” ಎಂದು ಅಜ್ಜಿ ತೀರ್ಪು ಕೊಟ್ಟರು. “ನಲವತ್ತು ವರ್ಷ ಸಂಸಾರ ಮಾಡಿದ್ದೀನಿ ಕಣಪ್ಪ, ನನ್ನ ಮಾತು ಕೇಳು.”

ಮೇಸ್ತ್ರಿಯ ಕಷ್ಟ ನನಗೆ ಅರ್ಥವಾಯಿತು. ವಾಚು ಕೆಟ್ಟಿತ್ತೆಂದರೆ ಇವತ್ತಿನ ‘ಸರಿ’ ಮಾತ್ರ ಬಿದ್ದುಹೋಗುತ್ತದೆ, ಪರದೆ ಬೆಕ್ಕುಗಳ ‘ಸರಿ’ ಉಳಿದು ಒಳ್ಳೆಯ ಹೆಸರೂ ಉಳಿಯುತ್ತದೆ. ಆದರೆ ಬೇಡ ಎನ್ನಲು ಹೊರಟ ಹೆಂಡತಿಯನ್ನು ಒಂದು ಸುಳ್ಳು ಎಷ್ಟು ದೂರ ಹಿಂದಕ್ಕೆ ಎಳೆದೀತು? ಮೂಗಿನ ಕಥೆ ಬಿಚ್ಚಿದರೆ ಮಾತಿಗೆ ತೂಕ ಬರುತ್ತದೆ, ಒಳ್ಳೆಯ ಹೆಸರು ಮಾತ್ರ ಬುಡಸಮೇತ ಹೋಗುತ್ತದೆ.

ಅವರು ಒಂದು ಉಸಿರು ಎಳೆದುಕೊಂಡರು. “ಒತ್ತಿ, ಮೇಲ್ಮನೆಯವರೇ. ಎಲ್ಲರೂ ಬಾಯಿ ಮುಚ್ಕೊಂಡಿರಿ. ಅಜ್ಜಿ, ವಿಶೇಷವಾಗಿ ನೀವು.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒತ್ತಿದೆ.

“ಕೇಳೇ. ಇಷ್ಟು ದಿನ ನಿನಗೆ ಸರಿ ಅಂತ ಕಳಿಸ್ತಿದ್ದಿದ್ದು ನನ್ನ ಮೂಗು. ಕೈ ತುಂಬ ಪ್ಲಾಸ್ಟರ್ ಇರುತ್ತೆ, ಏನು ಬರೆದಿದ್ದೀಯ ಅಂತ ಓದದೆ ಮೂಗಲ್ಲಿ ಒತ್ತಿಬಿಡ್ತಿದ್ದೆ. ಪರದೆಗೂ ಮೂಗೇ, ಬೀರುಗೂ ಮೂಗೇ, ಬೆಕ್ಕಿಗೂ ಮೂಗೇ. ಬೈಯೋದಿದ್ರೆ ಸಾಯಂಕಾಲ ಬೈ. ಇದನ್ನ ಮಾತ್ರ ನಾನೇ ಬಾಯಿಬಿಟ್ಟು ಹೇಳ್ತಿದ್ದೀನಿ. ಆ ಕೆಲಸ ಬೇಡ ಅನ್ನಬೇಡ.”

ಹೋಯಿತು.

ನನ್ನ ಮಣಿಕಟ್ಟಿನ ಸುತ್ತ ಪ್ಲಾಸ್ಟರ್ ಬಿಸಿಯೇರುತ್ತಿತ್ತು, ಇಸ್ತ್ರಿ ಮಾಡಿದ ಅಂಗಿಯ ತೋಳಿನ ಹಾಗೆ. ಕಿಟಕಿಯಿಂದ ಯಾವ ಪ್ರಕಟಣೆಯೂ ಬರಲಿಲ್ಲ. ಆಮೇಲೆ ವಾಚು ನಡುಗಿತು. ನಾನು ಗಟ್ಟಿಯಾಗಿ ಓದಿದೆ. ಆ ಹೊತ್ತಿಗೆ ಅದು ಖಾಸಗಿ ವಿಷಯವಾಗಿ ಉಳಿದಿರಲಿಲ್ಲ.

‘ಮೂಗು ಅಂತ ನನಗೆ ಯಾವಾಗಲೋ ಗೊತ್ತು. ದಿನಾ ಮೂಗಿನ ತುದಿ ಬೆಳ್ಳಗೆ ಮಾಡ್ಕೊಂಡು ಮನೆಗೆ ಬಂದ್ರೆ ಗೊತ್ತಾಗಲ್ವಾ? ಹೆಡ್ ನರ್ಸಮ್ಮನ್ನ ಕೇಳಿದೆ, ನಕ್ಕೊಂಡು ಹೇಳಿದ್ರು. ನಿಮ್ಮ ಕೋಣೆ ತುಂಬಿರೋ ಹೊತ್ತು ನೋಡ್ಕೊಂಡೇ ನಾನು ಪರದೆ ಕೇಳಿದ್ದು.’

ಡ್ರೈವರು ಮೂಗಿನ ಮೇಲೆ ಬೆರಳಿಟ್ಟ. ಅಜ್ಜಿ ಸೆರಗು ತೆಗೆದು, “ಭಲೇ ಹೆಣ್ಣೇ!” ಎಂದರು. ಇಷ್ಟು ದಿನ ತಾವು ಹೆಂಡತಿಯ ಮೂಗಿಗೆ ತುಪ್ಪ ಸವರುತ್ತಿದ್ದೇವೆಂದುಕೊಂಡಿದ್ದ ಮೇಸ್ತ್ರಿ ಬಾಯಿ ತೆರೆದುಕೊಂಡು ಕೂತರು. ಮೂಗುದಾರದ ಇನ್ನೊಂದು ತುದಿ ರಸ್ತೆಯಾಚೆ ಇತ್ತೆಂದು ಅವರಿಗೆ ಈಗ ತಿಳಿಯಿತು.

ವಾಚು ಮತ್ತೆ ನಡುಗಿತು. ಈ ಸಲ ಓದುವಾಗ ನನ್ನ ದನಿ ತಾನಾಗಿಯೇ ಇಳಿಯಿತು.

‘ಇವತ್ತೂ ಹಾಗೇ ನೋಡ್ಕೊಂಡೇ ಕೇಳಿದ್ದು. ನಿಮ್ಮ ಮೂಗು ಸರಿ ಅನ್ನುತ್ತೆ ಅಂತ ಗೊತ್ತಿತ್ತು. ಆಮೇಲೆ ನಮ್ಮನೆಯವರೇ ಸರಿ ಅಂದ್ರು, ಅದಕ್ಕೇ ಬಿಟ್ಟೆ ಅಂತ ಹೇಳ್ಕೊಬಹುದಲ್ಲ. ನನಗೆ ಭಯ ರೀ. ಕೆಳಗೆ ಕೂತು ಹೇಳೋದು ಬೇರೆ, ಮೇಲೆ ಕೂತು ಹೇಳೋದು ಬೇರೆ. ಅಷ್ಟು ಜನ ಡ್ರೈವರುಗಳು ಒಟ್ಟಿಗೆ ಮೇಲೆ ಹತ್ತಿ ಬಂದ್ರೆ? ಈಗ ಕರೀತಿದ್ದಾರೆ. ಏನು ಹೇಳ್ಲಿ?’

ಮೇಸ್ತ್ರಿ ವಾಚನ್ನೇ ನೋಡಿದರು. ಮೂಗು ಎಲ್ಲಿತ್ತೋ ಅಲ್ಲೇ ಇತ್ತು.

“ನಮಗೆ ಹೆದರ್ತಾರಾ?” ಎಂದ ಡ್ರೈವರು, ನಂಬಲಾರದೆ. “ನಾವಲ್ವಾ ಅವರಿಗೆ ಹೆದರೋದು! ಒಂದು ಸಲ ನಾನು ಅಡ್ಡ ನಿಲ್ಲಿಸಿ ಟೀ ಕುಡಿಯೋಕೆ ಹೋಗಿದ್ದೆ. ಇಡೀ ನಿಲ್ದಾಣಕ್ಕೆ ಕೇಳೋ ಹಾಗೆ, ‘ಟೀ ಆರಿದ ಮೇಲೆ ಬಂದು ಬಸ್ಸು ತೆಗೀರಿ’ ಅಂದ್ರು. ಆವತ್ತಿಂದ ನಾನು ಅಡ್ಡ ನಿಲ್ಲಿಸಿಲ್ಲ. ಟೀ ಕುಡಿಯೋದೂ ಕಮ್ಮಿ ಮಾಡಿದ್ದೀನಿ.”

“ಒತ್ತಿ” ಎಂದರು ಮೇಸ್ತ್ರಿ.

ಈ ಸಲ ಅವರು ಕೂಗಲಿಲ್ಲ. ಪ್ಲಾಸ್ಟರ್ ಹಾಕುವಾಗ ಅಳುವವರಿಗೆ ಹೇಳುವ ದನಿಯಲ್ಲಿ, ಮೆಲ್ಲಗೆ ಹೇಳಿದರು.

“ಬೇಡ ಅನ್ನೋದಾದ್ರೆ ನೀನೇ ಅನ್ನು, ನನ್ನ ಮೂಗಿನ ಮೇಲೆ ಹಾಕ್ಬೇಡ. ಆದ್ರೆ ನಿನಗೆ ಬೇಕು ಅಂತ ನನಗೆ ಗೊತ್ತು. ಭಯ ಆಗಲಿ ಬಿಡು, ಭಯದ ಜೊತೇಲೇ ಮೇಲೆ ಹತ್ತು. ಇಲ್ಲೊಬ್ಬ ನಿಮ್ಮ ಡ್ರೈವರು ಕೂತಿದ್ದಾನೆ, ನಿನ್ನ ಹೆಸರು ಹೇಳಿದ್ರೆ ಟೀ ಬಿಡ್ತಾನೆ. ನಾನು ಕಿಟಕಿ ತೆಗೆದೇ ಇಟ್ಟಿರ್ತೀನಿ.”

ಅದಕ್ಕೆ ಉತ್ತರ ಬರಲಿಲ್ಲ.

ಮೇಸ್ತ್ರಿ ಬೆರಳ ಗೆಣ್ಣಿನಿಂದ ನನ್ನ ಪ್ಲಾಸ್ಟರನ್ನು ತಟ್ಟಿದರು. ಟಣ್ ಎನ್ನುವಷ್ಟಲ್ಲದಿದ್ದರೂ ಗಟ್ಟಿಯಾಗಿತ್ತು. ಕೈ ಬಿಟ್ಟರು. ಈಗ ಓಡಬಹುದಿತ್ತು. ಆದರೆ ಅಜ್ಜಿಯ ಕಾಲು ನೋಯುತ್ತಿತ್ತು, ನಾನು ಮಂಚ ಇಳಿದೊಡನೆ ಅವರನ್ನು ಎತ್ತಿ ಕೂರಿಸಿದರು. ಮೇಸ್ತ್ರಿ ಕಿಟಕಿಯನ್ನು ಪೂರ್ತಿ ತೆರೆದು ಬಂದು, ಹೊಸ ಪಟ್ಟಿಯನ್ನು ನೀರಿಗೆ ಬಿಟ್ಟರು. ಗುಳ್ಳೆಗಳು ಎದ್ದವು. ನಾನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಡ್ರೈವರು ಕಿಟಕಿಯ ಬಳಿ ಕಾವಲು ನಿಂತ.

ನಿಲ್ದಾಣದಿಂದ ಬಸ್ಸುಗಳ ಹಾರ್ನು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಸುತ್ತು, ಎರಡು ಸುತ್ತು. ಅಜ್ಜಿ ಕೂಡ ನೋವು ಮರೆತು ಕಿವಿ ಕೊಟ್ಟಿದ್ದರು. ಕೊನೆಗೆ ಧ್ವನಿವರ್ಧಕ ಗರಗರ ಎಂದಿತು.

“ಪ್ರಯಾಣಿಕರ... ಗಮನಕ್ಕೆ. ಪ್ಲಾಟ್‌ಫಾರಂ ಐದ... ಅಲ್ಲ, ಕ್ಷಮಿಸಿ, ಆರರಲ್ಲಿ... ಇದು ಆನ್ ಆಗಿದೆಯಾ?”

ಅದು ಮೈಕಮ್ಮನ ದನಿಯಲ್ಲ. ಯಾರೋ ಹುಡುಗಿ, ಅಳುವಿಗೆ ಹತ್ತಿರದಲ್ಲಿದ್ದಳು.

“ಅಯ್ಯೋ, ಅವಳೆಲ್ಲಿ?” ಎಂದರು ಅಜ್ಜಿ. “ಕೆಲಸಾನೇ ಬಿಟ್ಟುಹೋದಳಾ?”

ನಾನೂ ಹಾಗೆಯೇ ಅಂದುಕೊಂಡು ಮೇಸ್ತ್ರಿಯ ಮುಖ ನೋಡಿದೆ. ಅವರು ಹಿಂಡುತ್ತಿದ್ದ ಪಟ್ಟಿ ಕೈಯಲ್ಲೇ ನಿಂತಿತ್ತು, ಬಿಳಿ ನೀರು ನೆಲಕ್ಕೆ ಸುರಿಯುತ್ತಿತ್ತು. ಕೆಳಗಿನ ಮೈಕಿನ ಮುಂದೆ ಅವಳಿಲ್ಲವೆಂದರೆ... ಅಷ್ಟರಲ್ಲಿ ಡ್ರೈವರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಕೂಗಿದ.

“ಮೇಲಿದ್ದಾರೆ! ಗಾಜಿನ ಕೋಣೇಲಿ! ಯಾರಿಗೋ ಬೆರಳು ತೋರಿಸಿ ಹೇಳ್ತಿದ್ದಾರೆ. ಅಯ್ಯಯ್ಯೋ, ನಮ್ಮ ಡಿಪೋದವನೇ, ಅಡ್ಡ ನಿಲ್ಲಿಸಿದ್ದಾನೆ ನೋಡಿ ಗೂಬೆ!”

ಅಜ್ಜಿ ಎರಡೂ ಕೈ ಜೋರಾಗಿ ತಟ್ಟಿದರು. ಮೇಸ್ತ್ರಿ ಮುಂಗೈಯಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಹಣೆಗೆಲ್ಲ ಪ್ಲಾಸ್ಟರ್ ಮೆತ್ತಿಕೊಂಡು, “ಕಾಲು ಅಲ್ಲಾಡಿಸಬೇಡಿ ಅಜ್ಜಿ, ಗಟ್ಟಿಯಾಗೋ ತನಕ” ಎಂದರು.

ಅಜ್ಜಿಯ ಹಿಮ್ಮಡಿಯನ್ನು ಅಂಗೈಗಳಲ್ಲಿ ಹಿಡಿದು ಕೂತಿದ್ದಾಗ ವಾಚು ಮತ್ತೆ ನಡುಗಿತು. ಮೇಸ್ತ್ರಿಯ ತಲೆ ಅಭ್ಯಾಸಬಲದಿಂದ ಬಗ್ಗಿತು. ಮೂಗು ಗಾಜಿಗೆ ಒಂದು ಕೂದಲಿನಷ್ಟು ದೂರದಲ್ಲಿ ತಡೆದು ನಿಂತಿತು.

“ಮೇಲ್ಮನೆಯವರೇ, ಮೊದಲು ಓದಿ ಹೇಳಿ.”

ಓದಿದೆ. ‘ಇಲ್ಲಿಂದ ನಿಮ್ಮ ಕಿಟಕಿ ಕಾಣುತ್ತೆ. ನನಗಿನ್ನು ಬರೋದು ತಡ ಆಗುತ್ತೆ, ಬೆಕ್ಕಿಗೆ ಒಂದೇ ಇದ್ದು ಬೇಜಾರು. ಅದಕ್ಕೊಂದು ಜೊತೆ ತರೋಣ್ವಾ?’

ಮೇಸ್ತ್ರಿ ಕಿಟಕಿಯ ಕಡೆ ನೋಡಿದರು, ಮನೆಯ ಓದುವ ಕುರ್ಚಿಯನ್ನು ನೆನೆಸಿಕೊಂಡರೋ ಏನೋ, ನಿಟ್ಟುಸಿರು ಬಿಟ್ಟರು. ಆಮೇಲೆ ಎಲ್ಲ ತಿಳಿದು, ಎಲ್ಲ ಕೇಳಿಸಿಕೊಂಡು, ಸ್ವಸ್ಥಚಿತ್ತದಿಂದ ತಲೆ ಬಗ್ಗಿಸಿ ಮೂಗು ಒತ್ತಿದರು.